ರೆಕ್ಕೆಯ ಬದಿಯಲ್ಲಿ ರೆಕ್ಕೆ

ವಿಮಾನಯಾನದ ಇಡೀ ಶಿಸ್ತು ಒಂದೇ ಎಚ್ಚರಿಕೆಯ ಮೇಲೆ ನಿಂತಿದೆ ಎಂದರೆ ಅತಿಶಯೋಕ್ತಿಯಾಗದು: ಎರಡು ವಿಮಾನಗಳು ಒಂದರ ಹತ್ತಿರ ಒಂದು ಬರಬಾರದು. ಬಜಪೆಗೆ ಇಳಿಯಲು ಬರುವ ವಿಮಾನಕ್ಕೂ ಅದರ ಮೇಲಿಂದ ಹಾದುಹೋಗುವ ಇನ್ನೊಂದಕ್ಕೂ ನಡುವೆ ಎತ್ತರದಲ್ಲಿ ಸಾವಿರ ಅಡಿಗಳಷ್ಟಾದರೂ ಅಂತರವಿರಬೇಕು, ಇಲ್ಲವೇ ದೂರದಲ್ಲಿ ಹಲವು ಮೈಲುಗಳಿರಬೇಕು. ಅದನ್ನು ಕಾಯುವುದೇ ವಿಮಾನ ಸಂಚಾರ ನಿಯಂತ್ರಕರ ಹಗಲಿರುಳಿನ ಚಿಂತೆ. 1951ರ ಡಿಸೆಂಬರ್ 25ರಂದು, ಕ್ರಿಸ್ತಜಯಂತಿಯ ದಿನವೇ, ಪ್ರಧಾನಿ ನೆಹರೂರವರನ್ನು ಹೊತ್ತ ಡಕೋಟಾ ವಿಮಾನ ಬಜಪೆಯ ಗುಡ್ಡದ ಮೇಲೆ ಇಳಿದಂದಿನಿಂದ ನಮ್ಮ ಜನ ವಿಮಾನವನ್ನು ಕಂಡದ್ದು ಒಂಟಿಯಾಗಿಯೇ. 2010ರ ಮೇ 22ರ ಮುಂಜಾವವನ್ನು ಕಂಡ ಈ ಊರಿಗೆ ವಿಮಾನದ ಭಯವನ್ನು ಹೊಸದಾಗಿ ಯಾರೂ ಕಲಿಸಬೇಕಾಗಿಯೂ ಇಲ್ಲ.

ಆದರೆ ಈ ಎಚ್ಚರಿಕೆಗೆ ತದ್ವಿರುದ್ಧವೆಂಬಂತೆ ತೋರುವ ಒಂದು ವಿದ್ಯೆಯೂ ವಿಮಾನ ಚಾಲಕರಲ್ಲಿದೆ. ಎರಡು, ಮೂರು, ನಾಲ್ಕು ವಿಮಾನಗಳು ಬೇಕೆಂದೇ ಹತ್ತಿರ ಬಂದು, ಕೆಲವೇ ಮೀಟರುಗಳ ಅಂತರದಲ್ಲಿ ರೆಕ್ಕೆಯ ಬದಿಗೆ ರೆಕ್ಕೆಯನ್ನಿರಿಸಿಕೊಂಡು, ಒಂದೇ ವಿಮಾನವೆಂಬಂತೆ ಏರಿ ಇಳಿದು ತಿರುಗುವ ವಿದ್ಯೆ. ಇದಕ್ಕೆ ಫಾರ್ಮೇಶನ್ ಹಾರಾಟವೆಂದು ಹೆಸರು. ಗಣರಾಜ್ಯೋತ್ಸವದ ದಿನ ರಾಜಧಾನಿಯ ಆಕಾಶದಲ್ಲಿ ವಾಯುಪಡೆಯವರು ನಡೆಸುವ ಈ ವ್ಯೂಹದ ಹಾರಾಟವನ್ನು ದೂರದರ್ಶನದಲ್ಲಿ ನೋಡದವರು ವಿರಳ. ಸೈನಿಕರಲ್ಲದವರು, ಖಾಸಗಿ ಲೈಸೆನ್ಸು ಪಡೆದು ರಜಾದಿನಗಳಲ್ಲಿ ಪುಟ್ಟ ವಿಮಾನ ಹಾರಿಸುವ ವೈದ್ಯರು, ವ್ಯಾಪಾರಿಗಳು, ಇಂಜಿನಿಯರುಗಳು ಕೂಡ ಇದನ್ನು ಹಣ ತೆತ್ತು ಕಲಿಯುತ್ತಾರೆಂಬುದು ಮಾತ್ರ ನಮ್ಮಲ್ಲಿ ಹೆಚ್ಚಿನವರಿಗೆ ಹೊಸ ಸಂಗತಿ.

ನಮಗೂ ಅದು ಹೊಸದೇ ಆಗಿತ್ತು. ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರ ಮಗ ಕೆನಡಾದಲ್ಲಿ ನೌಕರಿಯಲ್ಲಿದ್ದಾನೆ. ಪುಟ್ಟ ವಿಮಾನ ಹಾರಿಸಲು ಕಲಿತಿದ್ದಾನೆ. ಈಗ ಗೆಳೆಯರ ಜತೆಗೂಡಿ ಫಾರ್ಮೇಶನ್ ಕಲಿಯಲು ಹೊರಟಿದ್ದಾನೆ. "ಒಂಟಿಯಾಗಿ ಹಾರುವ ಅಪಾಯ ಸಾಲದೆಂದು ಇನ್ನೊಂದು ವಿಮಾನದ ಪಕ್ಕಕ್ಕೇ ಹೋಗಿ ಹಾರಬೇಕಾ ಫಾದರ್? ನೀವಾದರೂ ಒಂದು ಮಾತು ಹೇಳಿ" ಎಂದು ಆಕೆ ಕೇಳಿದರು. ಬೇಡವೆನ್ನುವುದು ಸುಲಭ. ಆದರೆ ತಿಳಿಯದೆ ಬೇಡವೆನ್ನುವುದು ವಿವೇಕವಲ್ಲ; ಆದುದರಿಂದ ಈ ವಿದ್ಯೆಯ ಒಳಗು ಏನೆಂದು ಕೆಲವು ಕಾಲ ಓದಿ ವಿಚಾರಿಸಿದೆವು. ಕಂಡದ್ದನ್ನು ಓದುಗರ ಮುಂದಿಡುತ್ತೇವೆ.

ಮೊದಲನೆಯದಾಗಿ, ಜತೆಯಲ್ಲಿ ಹಾರುವವನು ಎಲ್ಲಿ ನೋಡುತ್ತಾನೆಂಬ ಪ್ರಶ್ನೆ. ಒಂಟಿಯಾಗಿ ಹಾರುವ ಚಾಲಕ ದಿಗಂತವನ್ನು ನೋಡುತ್ತಾನೆ, ಉಪಕರಣಗಳನ್ನು ನೋಡುತ್ತಾನೆ, ಬೇರೆ ವಿಮಾನವಿದೆಯೇ ಎಂದು ಸುತ್ತಲೂ ಕಣ್ಣಾಡಿಸುತ್ತಾನೆ. ವ್ಯೂಹದಲ್ಲಿ ಸಂಗಾತಿಯಾದವನು (ಇವನಿಗೆ ವಿಂಗ್‌ಮ್ಯಾನ್ ಎನ್ನುತ್ತಾರೆ) ಇವೆಲ್ಲವನ್ನೂ ಬಹುಮಟ್ಟಿಗೆ ಬಿಟ್ಟುಕೊಡುತ್ತಾನೆ. ಅವನ ಕಣ್ಣು ಮುಂದಾಳಿನ ವಿಮಾನದ ಮೇಲೆ ನೆಟ್ಟಿರುತ್ತದೆ. ಆ ವಿಮಾನದ ರೆಕ್ಕೆಯ ತುದಿಯ ದೀಪ ಅದರ ಒಡಲಿನ ಮೇಲಿನ ಇಂಥ ಗುರುತಿಗೆ ನೇರವಾಗಿ ಕಾಣಬೇಕೆಂದು ನೆಲದ ಮೇಲೆಯೇ ನಿಶ್ಚಯವಾಗಿರುತ್ತದೆ. ಎರಡೂ ಒಂದೇ ಗೆರೆಯಲ್ಲಿದ್ದರೆ ತಾನು ಸರಿಯಾದ ಜಾಗದಲ್ಲಿದ್ದೇನೆಂದು ಅರ್ಥ. ದೀಪ ಗುರುತಿನಿಂದ ಸರಿದರೆ ತಾನು ಹಿಂದೆ ಬಿದ್ದೆ, ಮುಂದೆ ಸರಿದೆ ಅಥವಾ ಮೇಲೆದ್ದೆ ಎಂದು ತಿಳಿಯಬೇಕು. ಸಾಮಾನ್ಯವಾಗಿ ಆ ಸ್ಥಾನ ಮುಂದಾಳಿನ ಒಂದು ಬದಿಗೆ, ಓರೆಯಾಗಿ ಹಿಂದೆ, ಸ್ವಲ್ಪ ಕೆಳಗೆ. ನೇರ ಹಿಂದೆ ನಿಲ್ಲುವುದಾದರೆ ಇನ್ನಷ್ಟು ಕೆಳಗಿಳಿಯಬೇಕು; ಏಕೆಂದರೆ ಹಾರುವ ವಿಮಾನದ ರೆಕ್ಕೆಯ ತುದಿಗಳಿಂದ ಗಾಳಿ ಸುಳಿಯಾಗಿ ಹೊರಳುತ್ತ ಹಿಂದಕ್ಕೆ ಹೋಗುತ್ತದೆ, ಆ ಸುಳಿಗೆ ಸಿಕ್ಕಿದ ಪುಟ್ಟ ವಿಮಾನ ಮಗುಚಲೂಬಹುದು.

ನಮ್ಮ ಜಿಲ್ಲೆಯ ಕಂಬಳದಲ್ಲಿ ಎರಡು ಕೋಣಗಳು ಒಂದೇ ಹೆಜ್ಜೆಯಲ್ಲಿ ಓಡುವುದನ್ನು ಕಂಡು ನಾವು ಬೆರಗಾಗುತ್ತೇವೆ. ಅಲ್ಲಿ ನೊಗವಿದೆ, ಹಗ್ಗವಿದೆ. ಇಲ್ಲಿ ಸೆಕೆಂಡಿಗೆ ಐವತ್ತು ಮೀಟರಿನಂತೆ ಧಾವಿಸುವ ಎರಡು ಯಂತ್ರಗಳ ನಡುವೆ ಗಾಳಿಯ ಹೊರತು ಏನೂ ಇಲ್ಲ.

ಸ್ಥಾನ ಕಂಡುಕೊಳ್ಳುವುದು ಒಂದಾದರೆ ಅದರಲ್ಲಿ ನಿಲ್ಲುವುದು ಮತ್ತೊಂದು. ಹೊಸಬನ ಕೈ ಥ್ರಾಟಲಿನ ಮೇಲೆ ಒರಟಾಗಿರುತ್ತದೆ. ಹಿಂದೆ ಬಿದ್ದೆನೆಂದು ಇಂಜಿನಿಗೆ ಬಲ ಕೊಡುತ್ತಾನೆ. ವಿಮಾನ ಕೂಡಲೇ ಮುಂದೆ ಹೋಗುವುದಿಲ್ಲ, ತಡಮಾಡಿ ಹೋಗುತ್ತದೆ. ಹೋದದ್ದು ಹೆಚ್ಚಾಯಿತೆಂದು ಬಲ ತೆಗೆಯುತ್ತಾನೆ. ಆಗ ಬೇಕಾದುದಕ್ಕಿಂತ ಹೆಚ್ಚು ಹಿಂದೆ ಬೀಳುತ್ತಾನೆ. ಹೀಗೆ ಉಯ್ಯಾಲೆಯಾಡುತ್ತ ಅರ್ಧ ಗಂಟೆಯಲ್ಲಿ ಬೆವರಿ ಬಸವಳಿಯುತ್ತಾನೆ. ಬಲ್ಲವನು ತಪ್ಪು ಕಣ್ಣಿಗೆ ದೊಡ್ಡದಾಗುವ ಮೊದಲೇ, ಕೂದಲೆಳೆಯಷ್ಟಿರುವಾಗಲೇ, ಕೂದಲೆಳೆಯಷ್ಟು ಸರಿಪಡಿಸುತ್ತಾನೆ. ಕೊಟ್ಟ ಬಲವನ್ನು ವಿಮಾನ ಸ್ಥಾನಕ್ಕೆ ಬರುವ ಮುನ್ನವೇ ಹಿಂತೆಗೆದುಕೊಳ್ಳುತ್ತಾನೆ. ನೆಲದಿಂದ ನೋಡುವವರಿಗೆ ಅವನು ಅಲುಗಾಡದೆ ನಿಂತಂತೆ ಕಾಣುವುದು, ಒಳಗೆ ಅವನ ಕೈ ಒಂದು ಕ್ಷಣವೂ ನಿಲ್ಲದಿರುವುದರಿಂದ. ಮನೆ ಕಟ್ಟುತ್ತಲೇ ಮನುಷ್ಯ ಮನೆ ಕಟ್ಟುವವನಾಗುತ್ತಾನೆಂದು ಅರಿಸ್ಟಾಟಲ್ ಹೇಳಿದ್ದನ್ನು ಸೆಮಿನರಿಯಲ್ಲಿ ನಾವು ಕಂಠಪಾಠ ಮಾಡಿದ್ದೆವು. ಅಭ್ಯಾಸವೆಂಬುದಕ್ಕೆ ಇಷ್ಟು ಚೊಕ್ಕ ಉದಾಹರಣೆ ನಮ್ಮ ಗುರುಗಳಿಗೆ ಸಿಕ್ಕಿರಲಿಲ್ಲ.

ಇನ್ನು ದೂರದಿಂದ ಬಂದು ಸೇರಿಕೊಳ್ಳುವುದು. ಅಪಾಯ ಹೆಚ್ಚಿರುವುದು ಇಲ್ಲಿ. ಜತೆಯಲ್ಲಿ ನೆಲೆಗೊಂಡ ಮೇಲೆ ಎರಡು ವಿಮಾನಗಳ ಪರಸ್ಪರ ವೇಗ ಸೊನ್ನೆ. ಆದರೆ ಸೇರಲು ಬರುವವನು ಮುಂದಾಳಿಗಿಂತ ವೇಗವಾಗಿ ಬರಲೇಬೇಕು. ಗಂಟೆಗೆ 18 ಕಿಲೋಮೀಟರಿನಷ್ಟೇ ವೇಗ ಹೆಚ್ಚಿದ್ದರೂ ನೂರು ಮೀಟರಿನ ಅಂತರ 20 ಸೆಕೆಂಡುಗಳಲ್ಲಿ ಕರಗಿಹೋಗುತ್ತದೆ. ದೂರದಲ್ಲಿ ಚಿಕ್ಕದಾಗಿ ಕಂಡ ವಿಮಾನ ಬಹಳ ಹೊತ್ತು ಚಿಕ್ಕದಾಗಿಯೇ ಇದ್ದು, ಕೊನೆಯಲ್ಲಿ ಒಮ್ಮೆಗೇ ಕಣ್ಣು ತುಂಬ ಬೆಳೆಯುತ್ತದೆ. ವೇಗ ಮಿತಿಮೀರಿತೆಂದು ತೋರಿದರೆ ಏನು ಮಾಡಬೇಕೆಂಬುದನ್ನು ಸೇರುವುದನ್ನು ಕಲಿಸುವ ಮೊದಲೇ ಕಲಿಸುತ್ತಾರೆ: ಮುಂದಾಳಿನ ಕೆಳಗಿನಿಂದ ತಿರುವಿನ ಹೊರಬದಿಗೆ ಹಾದುಹೋಗಬೇಕು, ಹಾದುಹೋಗುವಾಗಲೂ ಅವನನ್ನು ಕಣ್ಣಿನಿಂದ ಬಿಡಬಾರದು. ಗಾಬರಿಯಲ್ಲಿ ವಿಮಾನವನ್ನು ಥಟ್ಟನೆ ಓರೆಮಾಡಿ ತನ್ನ ಹೊಟ್ಟೆಯನ್ನು ಅವನ ಕಡೆಗೆ ತಿರುಗಿಸಿದರೆ ಮುಗಿಯಿತು. ಅವನು ಎಲ್ಲಿದ್ದಾನೆಂಬುದೇ ಕಾಣದು.

ಈ ವಿದ್ಯೆಯಲ್ಲಿ ಎಲ್ಲಕ್ಕಿಂತ ಕಟ್ಟುನಿಟ್ಟಾದ ನಿಯಮವೂ ಇದೇ. ಮುಂದಾಳು ಕಣ್ಣಿಗೆ ಕಾಣದಾದರೆ, ಮೋಡ ಅಡ್ಡ ಬಂದರೂ ಸರಿ, ಸೂರ್ಯನ ಬೆಳಕು ಕಣ್ಣಿಗೆ ಹೊಡೆದರೂ ಸರಿ, ಸಂಗಾತಿ ಆ ಕ್ಷಣವೇ ಗೊತ್ತುಮಾಡಿದ ದಿಕ್ಕಿಗೆ ದೂರ ಸರಿಯಬೇಕು. ಸರಿದು ರೇಡಿಯೋದಲ್ಲಿ ತಿಳಿಸಬೇಕು. ಯಾರ ಅನುಮತಿಯನ್ನೂ ಕೇಳಬೇಕಾಗಿಲ್ಲ. ಒಂದು ಕ್ಷಣ ಕಾದು ನೋಡೋಣ, ಇನ್ನೇನು ಕಂಡಾನು ಎಂದು ಅಲ್ಲಿಯೇ ಉಳಿಯುವುದಕ್ಕೆ ಮಾತ್ರ ಅವನಿಗೆ ಅಧಿಕಾರವಿಲ್ಲ.

ಮುಂದಾಳಿನ ಪಾಲೂ ಸುಲಭದ್ದಲ್ಲ. ಮುಂದೆ ಹಾರುವವನು ತನ್ನ ಇಂಜಿನಿನ ಪೂರ್ಣ ಬಲವನ್ನು ಬಳಸುವಂತಿಲ್ಲ. ತಾನು ಪೂರ್ಣ ಬಲದಲ್ಲಿ ಹೋದರೆ ಹಿಂದೆ ಬಿದ್ದವನಿಗೆ ಬಂದು ಸೇರಲು ಬಲವೇ ಉಳಿಯದು. ಆದುದರಿಂದ ಒಂದಷ್ಟನ್ನು ಸಂಗಾತಿಗಳಿಗಾಗಿ ಮೀಸಲಿಡುತ್ತಾನೆ. ತಿರುಗುವಾಗ ಮೆಲ್ಲನೆ ತಿರುಗಬೇಕು. ತಿರುವಿನ ಹೊರಬದಿಯಲ್ಲಿರುವವನು ಹೆಚ್ಚು ದೂರ ಹಾರಬೇಕಾಗುತ್ತದೆ, ಒಳಬದಿಯವನು ವೇಗ ಕುಗ್ಗಿಸಬೇಕಾಗುತ್ತದೆ, ಈ ಇಬ್ಬರ ಕಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಂಗಾತಿಗಳು ತನ್ನನ್ನೇ ನೋಡುತ್ತಿರುವುದರಿಂದ ಗುಡ್ಡ, ಗೋಪುರ, ಮೋಡ, ಎದುರು ವಿಮಾನ ಇವೆಲ್ಲವನ್ನೂ ಎಲ್ಲರ ಪರವಾಗಿ ಅವನೊಬ್ಬನೇ ನೋಡಬೇಕು. ಒಳ್ಳೆಯ ಮುಂದಾಳು ಯಾರೆಂದರೆ ಹಿಂದೆ ಬರುವವರಿಗೆ ತನ್ನ ಮುಂದಿನ ನಡೆ ಯಾವಾಗಲೂ ಮುಂಚಿತವಾಗಿ ಗೊತ್ತಿರುವಂತೆ ಹಾರುವವನು. ಜಾಣ್ಮೆಯ ಹಠಾತ್ ತಿರುವುಗಳು ಅವನಲ್ಲಿ ದೋಷವೇ ಹೊರತು ಗುಣವಲ್ಲ. ಮುಂದಾಳುತನದ ಬಗ್ಗೆ ಭಾಷಣ ಮಾಡುವವರು ಈ ಥ್ರಾಟಲಿನ ಮೀಸಲಾತಿಯನ್ನು ಕುರಿತು ಒಂದು ಗಳಿಗೆ ಚಿಂತಿಸಿದರೆ ಒಳಿತು.

ಇಷ್ಟಾದರೂ ತಾಯಿಯ ಪ್ರಶ್ನೆಯ ಮುಳ್ಳು ಉಳಿದೇ ಇದೆ. ಸಂಗಾತಿ ನೋಡುವುದು ಮುಂದಾಳನ್ನು ಮಾತ್ರ. ಮುಂದಾಳೇ ತಪ್ಪಿದರೆ?

1982ರ ಜನವರಿ 18ರಂದು ಅಮೆರಿಕದ ನೆವಾಡಾ ಮರುಭೂಮಿಯಲ್ಲಿ ಅಲ್ಲಿನ ವಾಯುಪಡೆಯ ಥಂಡರ್‌ಬರ್ಡ್ಸ್ ತಂಡದ ನಾಲ್ಕು ವಿಮಾನಗಳು ಸಾಲಾಗಿ ಅಭ್ಯಾಸ ನಡೆಸುತ್ತಿದ್ದವು. ಆಕಾಶದಲ್ಲಿ ಬಳೆಯಂತೆ ಸುತ್ತಿ ಕೆಳಗಿಳಿಯುವಾಗ ಮುಂದಾಳಿನ ವಿಮಾನ ಮತ್ತೆ ಮೇಲೇಳಲಿಲ್ಲ. ಅದರ ಬಾಲದ ನಿಯಂತ್ರಣ ಸಿಕ್ಕಿಕೊಂಡಿತ್ತೆಂದು ತನಿಖೆಯಲ್ಲಿ ನಿರ್ಣಯವಾಯಿತು. ಉಳಿದ ಮೂವರ ಯಂತ್ರಗಳಲ್ಲಿ ದೋಷವಿರಲಿಲ್ಲ. ಅವರು ಕಲಿತಂತೆ ಮುಂದಾಳನ್ನೇ ನೋಡುತ್ತಿದ್ದರು. ನಾಲ್ಕೂ ವಿಮಾನಗಳು ಒಟ್ಟಿಗೆ ನೆಲಕ್ಕೆ ಅಪ್ಪಳಿಸಿ ನಾಲ್ವರೂ ತೀರಿಕೊಂಡರು.

ತತ್ತ್ವಶಾಸ್ತ್ರದ ವಿದ್ಯಾರ್ಥಿಯಾಗಿದ್ದವರಿಗೆ ಈ ಘಟನೆ ಬಿಡಿಸಲಾಗದ ಗಂಟಿನಂತೆ ಕಾಡುತ್ತದೆ. ಸಂತ ಥಾಮಸ್ ಅಕ್ವಿನಾಸರು ಇನ್ನೊಬ್ಬರಿಂದ ಕಲಿಯುವ ವಿಧೇಯತೆಯನ್ನು ವಿವೇಕದ ಒಂದು ಅಂಗವೆಂದು ಎಣಿಸಿದ್ದಾರೆ. ವಿವೇಕದ ಅಂಗ ಎಂಬ ಮಾತಿಗೆ ಒತ್ತುಕೊಡಬೇಕು: ವಿಧೇಯತೆ ವಿವೇಕದ ಬದಲಿಗೆ ಬರುವ ವಸ್ತುವಲ್ಲ. ಆದರೆ ಕಣ್ಣೆವೆ ಮುಚ್ಚುವಷ್ಟರಲ್ಲಿ ನೆಲ ಬರುವಾಗ ವಿವೇಕಕ್ಕೆ ಸಮಯವೆಲ್ಲಿ? ಆ ಮೂವರಲ್ಲಿ ವಿವೇಕವಿರಲಿಲ್ಲವೆಂದು ಹೇಳುವ ಧೈರ್ಯ ನಮಗಿಲ್ಲ. ನಮಗೆ ತೋರುವ ಉತ್ತರ ಇಷ್ಟು: ವಿವೇಕವನ್ನು ಆಕಾಶದಲ್ಲಿ ಹುಡುಕಿದರೆ ತಡವಾಗಿರುತ್ತದೆ, ಅದು ನೆಲದ ಮೇಲೆ ಕುಳಿತಾಗಲೇ ಕೆಲಸ ಮುಗಿಸಿರಬೇಕು. ಎಷ್ಟು ಎತ್ತರಕ್ಕಿಂತ ಕೆಳಗೆ ಹಾರಬಾರದು, ಯಾವ ಕಸರತ್ತನ್ನು ಮಾಡಬಾರದು, ಇಂಜಿನು ನಿಂತರೆ ಯಾರು ಯಾವ ಕಡೆ ಸರಿಯಬೇಕು ಎಂಬುದೆಲ್ಲ ಹಾರುವ ಮುನ್ನ ಬಾಯಿಬಿಟ್ಟು ಆಡಿ ಒಪ್ಪಿಕೊಂಡ ಮಾತಾಗಿರಬೇಕು. ಪುಟ್ಟ ವಿಮಾನಗಳ ಚಾಲಕರಿಗೆ ಇಲ್ಲೊಂದು ಅನುಕೂಲವಿದೆ. ನೆಲದ ಸಮೀಪ ಸುತ್ತು ಹೊಡೆಯಬೇಕಾದ ಕರ್ತವ್ಯ ಅವರಿಗಿಲ್ಲ. ಸಾಕಷ್ಟು ಎತ್ತರದಲ್ಲಿ, ನಿಧಾನದ ತಿರುವುಗಳಲ್ಲಿ, ಸಾಕಷ್ಟು ಅಂತರವಿಟ್ಟು ಹಾರಿದರೂ ಅವರು ಬಯಸಿದ ಆನಂದ ಅವರಿಗೆ ಸಿಗುತ್ತದೆ.

ನಮ್ಮ ನಾಡಿಗೂ ಈ ವಿದ್ಯೆಗೂ ನಂಟಿದೆ. 1996ರಲ್ಲಿ ಭಾರತೀಯ ವಾಯುಪಡೆಯ ಸೂರ್ಯಕಿರಣ ತಂಡ ಹುಟ್ಟಿದ್ದು ನಮ್ಮ ಬೀದರಿನಲ್ಲಿ. ಅವರು ಹಾರಿಸಿದ ಕಿರಣ್ ವಿಮಾನ ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯ ಕೂಸು, 1964ರಲ್ಲಿ ಮೊದಲು ಹಾರಿದ್ದು. ಶಿಷ್ಯ ಮತ್ತು ಶಿಕ್ಷಕ ಅಕ್ಕಪಕ್ಕ ಕುಳಿತುಕೊಳ್ಳುವಂತೆ ರಚಿಸಿದ ತರಬೇತಿ ವಿಮಾನವದು. 1998ರಲ್ಲಿ ತಂಡ ಒಂಬತ್ತು ವಿಮಾನಗಳಿಗೆ ಬೆಳೆಯಿತು. ತರಬೇತಿ ವಿಮಾನಗಳ ಕೊರತೆಯಿಂದ 2011ರಲ್ಲಿ ತಂಡವನ್ನು ನಿಲ್ಲಿಸಲಾಯಿತು. 2015ರಲ್ಲಿ ಹಾಕ್ ವಿಮಾನಗಳೊಡನೆ ಮತ್ತೆ ಆರಂಭವಾಯಿತು. ಇವರ ಪ್ರದರ್ಶನದಲ್ಲಿ ರೆಕ್ಕೆಗಳ ನಡುವಿನ ಅಂತರ ಐದು ಮೀಟರಿಗೂ ಕಡಿಮೆ. ಹೊಸದಾಗಿ ಸೇರಿದವನಿಗೆ ಮೊದಲ ದಿನವೇ ಆ ಅಂತರವನ್ನು ಕೊಡುವುದಿಲ್ಲ. ಎರಡು ವಿಮಾನ, ಅಗಲವಾದ ಅಂತರ, ಹೆಚ್ಚಿನ ಎತ್ತರ. ಅಲ್ಲಿಂದ ತಿಂಗಳುಗಟ್ಟಲೆ ಮೆಟ್ಟಿಲು ಮೆಟ್ಟಿಲಾಗಿ ಒಂಬತ್ತರವರೆಗೆ.

ಇಷ್ಟೆಲ್ಲ ಶಿಸ್ತಿನ ನಡುವೆಯೂ 2006ರ ಮಾರ್ಚ್ 18ರಂದು ಬೀದರಿನ ಸಮೀಪ ಅಭ್ಯಾಸದ ವೇಳೆ ವಿಂಗ್ ಕಮಾಂಡರ್ ಧೀರಜ್ ಭಾಟಿಯಾ ಮತ್ತು ಸ್ಕ್ವಾಡ್ರನ್ ಲೀಡರ್ ಶೈಲೇಂದರ್ ಸಿಂಗ್ ಪ್ರಾಣ ತೆತ್ತರು. 2019ರ ಫೆಬ್ರವರಿ 19ರಂದು, ಏರೋ ಇಂಡಿಯಾ ಪ್ರದರ್ಶನದ ಮುನ್ನಾದಿನ, ಯಲಹಂಕದ ಮೇಲೆ ಎರಡು ಹಾಕ್ ವಿಮಾನಗಳು ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿಯವರು ಮಡಿದರು. ಇನ್ನಿಬ್ಬರು ಹೊರಚಿಮ್ಮಿ ಬದುಕಿಕೊಂಡರು. ತಾಯಿಯ ಭಯಕ್ಕೆ ಆಧಾರವಿಲ್ಲವೆಂದು ಯಾರೂ ಹೇಳುವಂತಿಲ್ಲ.

ಸೈನಿಕರಿಗೆ ದರ್ಜೆಯಿದೆ, ಆಜ್ಞೆಯಿದೆ, ನಿತ್ಯದ ಅಭ್ಯಾಸವಿದೆ. ಖಾಸಗಿ ಚಾಲಕರಿಗೆ ಇರುವುದು ಗೆಳೆತನ. ಗೆಳೆತನವೇ ಇಲ್ಲಿ ದೊಡ್ಡ ಅಪಾಯವೆಂದು ನಮ್ಮ ಅಭಿಪ್ರಾಯ. ಅವನು ಇಷ್ಟು ಹತ್ತಿರ ಬಂದನು, ನಾನು ದೂರ ನಿಂತರೆ ಏನೆಂದಾನು ಎಂಬ ಸಂಕೋಚ ಇಂಜಿನಿನ ದೋಷಕ್ಕಿಂತ ಕಡಿಮೆ ಅಪಾಯಕಾರಿಯಲ್ಲ. ಛಾಯಾಚಿತ್ರದ ಆಸೆಯೂ ಹಾಗೆಯೇ. 1966ರ ಜೂನ್ 8ರಂದು ಕ್ಯಾಲಿಫೋರ್ನಿಯಾದಲ್ಲಿ ಇಂಜಿನು ತಯಾರಕರ ಪ್ರಚಾರಕ್ಕೆಂದು ಐದು ಬಗೆಯ ವಿಮಾನಗಳು ಒತ್ತಾಗಿ ಹಾರಿ ಚಿತ್ರ ತೆಗೆಸಿಕೊಳ್ಳುತ್ತಿದ್ದಾಗ ಒಂದು ಯುದ್ಧವಿಮಾನ ಎಕ್ಸ್‌ಬಿ-70 ಎಂಬ ಬೃಹತ್ ವಿಮಾನದ ರೆಕ್ಕೆಗೆ ತಗಲಿ ಇಬ್ಬರು ಸತ್ತರು. ಸತ್ತವರಲ್ಲಿ ಒಬ್ಬರಾದ ಜೋ ವಾಕರ್ ಜಗತ್ತಿನ ಶ್ರೇಷ್ಠ ಪರೀಕ್ಷಾ ಚಾಲಕರಲ್ಲಿ ಎಣಿಕೆಯಾದವರು. ಅಂಥವರಿಗೇ ಹೀಗಾದ ಮೇಲೆ ಭಾನುವಾರದ ಚಾಲಕರು ಚಿತ್ರಕ್ಕಾಗಿ ಹತ್ತಿರ ಸರಿಯುವ ಮುನ್ನ ಎರಡು ಬಾರಿ ಚಿಂತಿಸಬೇಕು.

ಇದಕ್ಕಾಗಿಯೇ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಆಕಾಶ ನಿಯಮಗಳಲ್ಲಿ ಒಂದು ಸರಳವಾದ ಷರತ್ತಿದೆ: ಭಾಗವಹಿಸುವ ಎಲ್ಲ ವಿಮಾನಗಳ ಮುಖ್ಯ ಚಾಲಕರು ಮುಂಚಿತವಾಗಿ ಒಪ್ಪಿಕೊಂಡಿರದೆ ವ್ಯೂಹದಲ್ಲಿ ಹಾರಕೂಡದು. ದಾರಿಯಲ್ಲಿ ಪರಿಚಯದ ವಿಮಾನ ಕಂಡಿತೆಂದು ಬೈಕಿನವರಂತೆ ಪಕ್ಕಕ್ಕೆ ಹೋಗಿ ಕೈಬೀಸುವಂತಿಲ್ಲ. ಒಪ್ಪಿ ಹಾರಿದ ವ್ಯೂಹವನ್ನು ಮಾರ್ಗದ ಲೆಕ್ಕಕ್ಕೆ ಒಂದೇ ವಿಮಾನವೆಂದು ಪರಿಗಣಿಸುತ್ತಾರೆ. ಆದರೆ ಪರಸ್ಪರ ಅಂತರದ ಹೊಣೆ ಮುಂದಾಳಿನ ಮೇಲೆ ಮಾತ್ರವಲ್ಲ, ಪ್ರತಿಯೊಬ್ಬ ಚಾಲಕನ ಮೇಲೂ ಇದೆ. ಅಮೆರಿಕದ ನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಾಡಿಗೆಯ ಪ್ರಯಾಣಿಕರನ್ನು ಕೂರಿಸಿಕೊಂಡು ವ್ಯೂಹದಲ್ಲಿ ಹಾರುವುದನ್ನೇ ನಿಷೇಧಿಸಿದೆ. ತನ್ನ ಪ್ರಾಣದ ಮೇಲೆ ತಾನು ಒಪ್ಪಂದ ಮಾಡಬಹುದು, ಏನೂ ಅರಿಯದೆ ಹಿಂದಿನ ಸೀಟಿನಲ್ಲಿ ಕುಳಿತವನ ಪ್ರಾಣದ ಮೇಲೆ ಅಲ್ಲ.

ಖಾಸಗಿ ಚಾಲಕರು ಈ ವಿದ್ಯೆಯನ್ನು ಹೇಗೆ ಕಲಿಯಬಹುದೆಂಬುದಕ್ಕೆ ಒಳ್ಳೆಯ ನಿದರ್ಶನ ಅಮೆರಿಕದಲ್ಲಿದೆ. ವಿಸ್ಕಾನ್ಸಿನ್ ರಾಜ್ಯದ ಆಶ್‌ಕಾಷ್ ಊರಿನಲ್ಲಿ ವರ್ಷಂಪ್ರತಿ ಜುಲೈ ಕೊನೆಯಲ್ಲಿ ಪುಟ್ಟ ವಿಮಾನಗಳ ಮಹಾಜಾತ್ರೆ ನಡೆಯುತ್ತದೆ. 1990ರಲ್ಲಿ ಬೊನಾಂಜಾ ಎಂಬ ಮಾದರಿಯ ವಿಮಾನವುಳ್ಳವರು ಎಲ್ಲರೂ ಒಟ್ಟಿಗೆ ಹೋಗಿ ಇಳಿಯೋಣ, ಒಂದೇ ಕಡೆ ಡೇರೆ ಹಾಕೋಣ ಎಂದು ನಿಶ್ಚಯಿಸಿ ಇಲಿನಾಯ್ ರಾಜ್ಯದ ರಾಕ್‌ಫರ್ಡಿನಿಂದ ಸಾಲಾಗಿ ಹೊರಟರು. ಈಗ ಅದು ಸಂಪ್ರದಾಯವಾಗಿದೆ. ಮೂರು ಮೂರು ವಿಮಾನಗಳ ಗುಂಪುಗಳಾಗಿ ಒಂದರ ಹಿಂದೊಂದು ಏರುತ್ತವೆ. ಸಾಲಿನಲ್ಲಿ ಸೇರಬೇಕೆಂದರೆ ಮೊದಲು ತರಬೇತಿ ಶಿಬಿರಕ್ಕೆ ಹಾಜರಾಗಬೇಕು, ಬೋಧಕರು ಒಪ್ಪಬೇಕು. ಹಣವಂತನೆಂದೋ ಹಳಬನೆಂದೋ ವಿನಾಯಿತಿಯಿಲ್ಲ. ಶಿಬಿರದಲ್ಲಿ ಕೈಸನ್ನೆಗಳ ಭಾಷೆಯೊಂದನ್ನು ಕಲಿಸುತ್ತಾರೆ. ರೆಕ್ಕೆ ಅಲ್ಲಾಡಿಸಿದರೆ ಬಂದು ಸೇರು. ಹೆಬ್ಬೆರಳನ್ನು ಬಾಯಿಗೆ ತಂದರೆ ಇಂಧನ ಎಷ್ಟಿದೆ. ಬೀಳ್ಕೊಡುವ ಮುತ್ತಿನಂತೆ ಕೈಯನ್ನು ತುಟಿಗೊತ್ತಿ ಬೀಸಿದರೆ ನಾನು ಹೊರಟೆ, ನೀನು ನಿನ್ನ ಸರದಿಗೆ ಬಾ. ರೇಡಿಯೋದಲ್ಲಿ ಸಂಗಾತಿಯ ಉತ್ತರ ಬಹುತೇಕ ಅವನ ಅಂಕಿಯೊಂದೇ: 'ಎರಡು', 'ಮೂರು'. ಮಾತಿನ ಈ ಮಿತವ್ಯಯ ನಮ್ಮ ಸಭೆಗಳಿಗೂ ಬಂದರೆ ಎಷ್ಟು ಚೆನ್ನ!

ಎಲ್ಲ ವಿಮಾನಗಳೂ ಒಂದೇ ಮಾದರಿಯವಾಗಿರುವುದು ಅಲ್ಲಿನ ಸುರಕ್ಷತೆಗೆ ಒಂದು ಕಾರಣ. ನಮ್ಮ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಒಂದು ಕಾಲಕ್ಕೆ ಹಾರಿದ ಎಚ್.ಎ.ಎಲ್.ನ ಪುಷ್ಪಕ್ ಆಗಲಿ, ಇಂದಿನ ಸೆಸ್ನಾ ಆಗಲಿ, ರೆಕ್ಕೆ ತಲೆಯ ಮೇಲಿರುವ ವಿಮಾನಗಳು. ಇವುಗಳ ಚಾಲಕನಿಗೆ ಮೇಲಿರುವುದು ಕಾಣದು. ರೆಕ್ಕೆ ಕೆಳಗಿರುವ ವಿಮಾನದವನಿಗೆ ಕೆಳಗಿರುವುದು ಕಾಣದು. ಎರಡನ್ನೂ ಬೆರೆಸಿದರೆ ಇಬ್ಬರೂ ಒಬ್ಬರಿಗೊಬ್ಬರು ಕಾಣದ ಮೂಲೆಯಲ್ಲಿ ಸಿಕ್ಕಿಬೀಳಬಹುದು. ಖಾಸಗಿ ಲೈಸೆನ್ಸಿಗೆ ಬೇಕಾದ ನಲವತ್ತು ಗಂಟೆಗಳ ಹಾರಾಟ ಮುಗಿಸಿದವನಿಗೆ ಇವೆಲ್ಲ ತಾನಾಗಿ ತಿಳಿದಿರುತ್ತದೆಂದು ಭಾವಿಸಬಾರದು.

ಆಕಾಶದಲ್ಲಿ ಜತೆಯಾಗಿ ಹಾರುವುದರಲ್ಲಿ ಮನುಷ್ಯ ಹಕ್ಕಿಗಳ ಶಿಷ್ಯ. ಕೆಲವೊಮ್ಮೆ ಗುರುವೂ ಆಗಿದ್ದಾನೆ. ಯೂರೋಪಿನಲ್ಲಿ ಅಳಿದುಹೋಗಿದ್ದ ಬೋಳುತಲೆಯ ಐಬಿಸ್ ಹಕ್ಕಿಯ ಮರಿಗಳನ್ನು ಸಾಕಿ, ಪುಟ್ಟ ಮೈಕ್ರೋಲೈಟ್ ವಿಮಾನದ ಹಿಂದೆ ಅವು ಹಾರುವಂತೆ ಮಾಡಿ, ಆಸ್ಟ್ರಿಯಾದಿಂದ ಇಟಲಿಗೆ ವಲಸೆಯ ದಾರಿ ತೋರಿಸಿದರು. ಹದಿನಾಲ್ಕು ಹಕ್ಕಿಗಳ ಬೆನ್ನಿಗೆ ಪುಟ್ಟ ಉಪಕರಣ ಕಟ್ಟಿ ಅಳೆದಾಗ, ಮುಂದಿನ ಹಕ್ಕಿಯ ರೆಕ್ಕೆಯಿಂದ ಮೇಲೇಳುವ ಗಾಳಿ ಸಿಗುವ ಜಾಗದಲ್ಲಿಯೇ ಹಿಂದಿನದು ನಿಂತು, ಅದಕ್ಕೆ ಹೊಂದುವಂತೆ ರೆಕ್ಕೆ ಬಡಿಯುತ್ತದೆಂದು ಕಂಡುಬಂತು. ಇದು 2014ರಲ್ಲಿ ಪ್ರಕಟವಾಯಿತು. ಮರುವರ್ಷದ ಇನ್ನೊಂದು ಅಧ್ಯಯನದಲ್ಲಿ ಅವು ಮುಂದಾಳಿನ ಕಷ್ಟದ ಸ್ಥಾನವನ್ನು ಸರದಿಯಂತೆ ಹಂಚಿಕೊಳ್ಳುತ್ತವೆಂದೂ ತಿಳಿಯಿತು. ಸಂಜೆಯ ಹೊತ್ತು ನೇತ್ರಾವತಿಯ ಮೇಲೆ ಸಾಲುಗಟ್ಟಿ ಹೋಗುವ ಹಕ್ಕಿಗಳನ್ನು ಆ ಬಳಿಕ ನಾವು ಬೇರೆಯೇ ಕಣ್ಣಿನಿಂದ ನೋಡುತ್ತಿದ್ದೇವೆ.

ಕೊನೆಗೆ ಆ ತಾಯಿಗೆ ನಾವು ಬೇಡವೆಂದೂ ಹೇಳಲಿಲ್ಲ, ಭಯಪಡಬೇಡಿರೆಂದೂ ಹೇಳಲಿಲ್ಲ. ಮಗ ದೂರವಾಣಿ ಮಾಡಿದಾಗ ಕೇಳಲು ಕೆಲವು ಪ್ರಶ್ನೆಗಳನ್ನು ಬರೆದುಕೊಟ್ಟೆವು. ಕಲಿಸುವವನು ಈ ವಿದ್ಯೆಯಲ್ಲಿ ಪರೀಕ್ಷೆ ಕೊಟ್ಟವನೋ, ಬರಿಯ ಉತ್ಸಾಹಿಯೋ? ಹಾರುವ ಮುನ್ನ ಎಷ್ಟು ಹೊತ್ತು ಕುಳಿತು ಮಾತನಾಡುತ್ತೀರಿ? ಮುಂದಾಳು ಕಾಣದಾದರೆ ನೀನು ಯಾವ ಕಡೆಗೆ ಸರಿಯುತ್ತೀ? ಈ ದಿನ ನನಗೆ ಆಗದು ಎಂದು ನಿಮ್ಮಲ್ಲಿ ಯಾರಾದರೂ ಎಂದಾದರೂ ಹೇಳಿದ್ದುಂಟೇ, ಹೇಳಿದಾಗ ಉಳಿದವರು ನಕ್ಕರೇ? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ಗಮನವಿಟ್ಟು ಕೇಳಿರೆಂದೂ ತಿಳಿಸಿದೆವು. ವಿಮಾನ ಚಾಲಕರ ಪಾಲಕಿಯೆಂದು 1920ರಲ್ಲಿ ಹದಿನೈದನೆಯ ಬೆನೆಡಿಕ್ಟ್ ಜಗದ್ಗುರುಗಳು ಘೋಷಿಸಿದ ಲೊರೆಟ್ಟೊ ಮಾತೆಯ ಹೆಸರಿನ ಇಗರ್ಜಿ ನಮ್ಮ ಬಂಟ್ವಾಳದಲ್ಲಿಯೇ ಇರುವುದನ್ನು ಆಕೆಯೇ ನಮಗೆ ನೆನಪಿಸಿದರು. ನಜರೇತಿನ ಮನೆಯನ್ನು ದೇವದೂತರು ಆಕಾಶಮಾರ್ಗವಾಗಿ ಹೊತ್ತು ಲೊರೆಟ್ಟೊಗೆ ತಂದರೆಂದು ಐತಿಹ್ಯ; ಅವರು ಯಾವ ವ್ಯೂಹದಲ್ಲಿ ಹಾರಿದರೆಂಬುದನ್ನು ಮಾತ್ರ ಐತಿಹ್ಯ ಹೇಳುವುದಿಲ್ಲ.

ಶಿಬಿರಗಳ ಇನ್ನೊಂದು ಪದ್ಧತಿ ನಮಗೆ ವಿಶೇಷವಾಗಿ ಹಿಡಿಸಿತು. ಇಳಿದು ಇಂಜಿನು ಆರಿಸಿದ ಮೇಲೆ ಯಾರೂ ಮನೆಗೆ ಹೋಗುವುದಿಲ್ಲ. ಎಲ್ಲರೂ ಮೇಜಿನ ಸುತ್ತ ಕುಳಿತು ಹಾರಾಟವನ್ನು ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಮಾತಿನಲ್ಲಿ ಹಾರುತ್ತಾರೆ. ಮುಂದಾಳು ಮೊದಲು ತನ್ನ ತಪ್ಪುಗಳನ್ನು ಹೇಳುತ್ತಾನೆ: ಎರಡನೆಯ ತಿರುವು ಬಿಗಿಯಾಯಿತು, ಮೋಡವನ್ನು ತಡವಾಗಿ ಕಂಡೆ. ಅನಂತರ ಎರಡನೆಯವನು, ಮೂರನೆಯವನು. ಅಂದು ಮೊದಲ ಬಾರಿ ಹಾರಿದ ಹುಡುಗನೂ ಮುಂದಾಳನ್ನು ಪ್ರಶ್ನಿಸಬಹುದು. ಮುಂದಿನ ಹಾರಾಟಕ್ಕೆ ಹೆಸರು ಬರೆಸುವುದು ಅದಾದ ಮೇಲೆ.